ನ್ಯಾಯಮೂರ್ತಿ ರಾನಡೆಯವರ ಗೃಹಸ್ಥಾಶ್ರಮ

ಸಪ್ತಪದಿಯ ಏಳು ಹೆಜ್ಜೆಗಳನ್ನಿಡುವುದಕ್ಕೆ ಅರೆಗಳಿಗೆ ಸಾಕು. ಆ ಹೆಜ್ಜೆಗಳಲ್ಲಿ ಅಂಗೀಕರಿಸಿದ್ದನ್ನು ನಡೆಸುವುದಕ್ಕೆ ಇಡೀ ಆಯುಷ್ಯವೇ ಬೇಕು. ದಾಂಪತ್ಯನಿಷ್ಠೆಯ ವಿಚಾರ ಬಂದಾಗ ನಮ್ಮ ಪುರಾಣಿಕರು ಸೀತಾರಾಮರನ್ನೂ ಅರುಂಧತೀವಸಿಷ್ಠರನ್ನೂ ಸ್ಮರಿಸುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ದೇವಾಂಶಸಂಭೂತರ ನಡತೆ ಪಾಮರರಾದ ನಮಗೆ ಎಟುಕುವುದೆಂತು ಎಂದು ಜಾರಿಕೊಳ್ಳುವವರೂ ಉಂಟು. ಅಂಥವರಿಗಾಗಿ, ನೌಕರಿ, ವರ್ಗಾವಣೆ, ಕೂಡುಕುಟುಂಬದ ತೊಡಕು, ಊರವರ ನಿಂದೆ ಇವೆಲ್ಲವುಗಳ ನಡುವೆ ಬಾಳಿದ ಒಬ್ಬ ಗೃಹಸ್ಥರ ಜೀವನವನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ. ಅವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು. ಅವರ ಹೆಸರನ್ನು ಕೇಳದವರಿಲ್ಲ. ಅರ್ಥಶಾಸ್ತ್ರಜ್ಞರೆಂದೂ ಸಮಾಜಸುಧಾರಕರೆಂದೂ ಗೋಪಾಲಕೃಷ್ಣ ಗೋಖಲೆಯವರ ಗುರುಗಳೆಂದೂ ಶಾಲೆಯ ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಅವರ ಮನೆಯೊಳಗಣ ಚರಿತ್ರೆಯನ್ನು ಬಲ್ಲವರು ವಿರಳ. ಅದನ್ನು ಅವರ ಧರ್ಮಪತ್ನಿ ರಮಾಬಾಯಿಯವರು ಮರಾಠಿಯಲ್ಲಿ ಬರೆದು 1910ರಲ್ಲಿ ಪ್ರಕಟಿಸಿದರು. ಎರಡೂ ಭಾಷೆ ಬಲ್ಲ ನಮ್ಮ ಗಡಿಭಾಗದ ವಾಚಕರಲ್ಲಿ ಕೆಲವರಾದರೂ ಆ ಗ್ರಂಥವನ್ನು ಓದಿರಬಹುದು. ಓದದವರಿಗೆ ಈ ಲೇಖನ.

ರಾನಡೆಯವರು ನಮಗೆ ತೀರ ಹೊರಗಿನವರೇನೂ ಅಲ್ಲ. 1842ರ ಜನವರಿ 18ರಂದು ನಾಸಿಕ ಜಿಲ್ಲೆಯ ನಿಫಾಡದಲ್ಲಿ ಜನಿಸಿದ ಅವರು ಬಾಲ್ಯವನ್ನು ಕಳೆದದ್ದು ಕೊಲ್ಹಾಪುರದಲ್ಲಿ. ತಂದೆ ಗೋವಿಂದರಾಯರು ಆ ಸಂಸ್ಥಾನದ ನೌಕರಿಯಲ್ಲಿದ್ದರು. ಮುಂಬಯಿ ವಿಶ್ವವಿದ್ಯಾಲಯದ ಮೊಟ್ಟಮೊದಲ ಪದವೀಧರರ ಸಾಲಿನಲ್ಲಿ ತೇರ್ಗಡೆಯಾದ ಮೇಲೆ ಕೆಲಕಾಲ ಅಕ್ಕಲಕೋಟೆ ಸಂಸ್ಥಾನದ ಕಾರಭಾರಿಗಳಾಗಿದ್ದರು. ಬಳಿಕ ಕೊಲ್ಹಾಪುರದಲ್ಲಿ ನ್ಯಾಯಾಧೀಶರಾದರು. ರಮಾಬಾಯಿಯವರಾದರೋ ಈಗಿನ ನಮ್ಮ ಸಾಂಗಲಿ ಜಿಲ್ಲೆಗೇ ಸೇರಿದ ದೇವರಾಷ್ಟ್ರೆ ಗ್ರಾಮದ ಕುರ್ಲೇಕರ ಮನೆತನದ ಹೆಣ್ಣುಮಗಳು. ತವರಿನ ಹೆಸರು ಯಮುನಾ. ಹುಟ್ಟಿದ್ದು 1862ರಲ್ಲಿ. ಹೆಣ್ಣು ಅಕ್ಷರ ಕಲಿತರೆ ಮನೆಗೆ ಅಮಂಗಲವೆಂದು ದೊಡ್ಡ ಮನೆತನಗಳು ನಂಬಿದ್ದ ಕಾಲವದು. ಆಕೆಗೆ ಒಂದು ಅಕ್ಷರವನ್ನೂ ಯಾರೂ ಕಲಿಸಿರಲಿಲ್ಲ.

ಇವರಿಬ್ಬರ ವಿವಾಹ ನಡೆದ ಬಗೆ ಸಂತೋಷಪಡುವಂಥದಲ್ಲ. ಚರಿತ್ರೆ ಬರೆಯುವವನು ಅದನ್ನು ಮುಚ್ಚಿಡಲೂ ಬಾರದು. ರಾನಡೆಯವರ ಮೊದಲ ಪತ್ನಿ ಸಖೂಬಾಯಿಯವರು 1873ರಲ್ಲಿ ತೀರಿಕೊಂಡರು. ಆಗ ರಾನಡೆಯವರಿಗೆ ಮೂವತ್ತೆರಡನೆಯ ವರ್ಷ ನಡೆಯುತ್ತಿತ್ತು. ಪುಣೆಯಲ್ಲಿ ಅವರು ವಿಧವಾವಿವಾಹ ಪಕ್ಷದ ಆಧಾರಸ್ತಂಭಗಳಲ್ಲಿ ಒಬ್ಬರು. ಮಗನು ಎಲ್ಲಿ ವಿಧವೆಯೊಬ್ಬಳನ್ನು ಮನೆಗೆ ಕರೆತರುವನೋ ಎಂಬ ಭಯ ತಂದೆಯನ್ನು ಹಿಡಿಯಿತು. ಸೂತಕದ ದುಃಖ ಆರುವ ಮೊದಲೇ ಗೋವಿಂದರಾಯರು ಕನ್ಯೆಯನ್ನು ಗೊತ್ತುಮಾಡಿದರು. ಮಗನು ಬೇಡವೆಂದರು, ಕೆಲವು ತಿಂಗಳ ಅವಕಾಶವನ್ನಾದರೂ ಕೊಡಬೇಕೆಂದು ಬೇಡಿಕೊಂಡರು. ತಂದೆ ಕೇಳಲಿಲ್ಲ. ಒಪ್ಪದಿದ್ದರೆ ಮನೆ ಬಿಟ್ಟು ಕೊಲ್ಹಾಪುರಕ್ಕೆ ಹೊರಟುಹೋಗುವುದಾಗಿಯೂ ಸಂಬಂಧ ಅಲ್ಲಿಗೆ ತೀರಿತೆಂದೂ ಹೇಳಿದರು. ರಾನಡೆಯವರು ಕನ್ಯಾಪಿತೃವನ್ನೇ ಕಂಡು, ಸುಧಾರಕನೆಂದು ಹೆಸರಾದ, ವಯಸ್ಸಾದ ತನಗೆ ಮಗಳನ್ನೇಕೆ ಕೊಡುತ್ತೀರೆಂದು ಕೇಳಿನೋಡಿದರು. ಅದೂ ಫಲಿಸಲಿಲ್ಲ. ಆ ವರ್ಷ ಮುಗಿಯುವುದರೊಳಗಾಗಿ ಹನ್ನೊಂದು ವರ್ಷದ ಯಮುನೆ ರಮಾಬಾಯಿಯಾಗಿ ಆ ಮನೆಯನ್ನು ಹೊಕ್ಕಳು. ಧಾರೆಯ ದಿನ ವರನು ಯಾರೊಡನೆಯೂ ಮಾತನಾಡದೆ ಮನೆಗೆ ಬಂದು ಕೋಣೆಯ ಕದವಿಕ್ಕಿಕೊಂಡರೆಂದು ರಮಾಬಾಯಿಯವರೇ ಬರೆದಿಟ್ಟಿದ್ದಾರೆ.

ಊರು ಸುಮ್ಮನಿರುವುದೆ? ಸನಾತನಿಗಳು ನಕ್ಕರು, ಸುಧಾರಕರು ತಲೆ ತಗ್ಗಿಸಿದರು. ಅದೇ ಪಕ್ಷದ ಮುಂದಾಳು ವಿಷ್ಣುಶಾಸ್ತ್ರಿ ಪಂಡಿತರು 1874ರಲ್ಲಿ ತಾವೇ ವಿಧವೆಯೊಬ್ಬರ ಕೈಹಿಡಿದು ನುಡಿದಂತೆ ನಡೆದು ತೋರಿಸಿದ ಮೇಲಂತೂ ರಾನಡೆಯವರ ದೌರ್ಬಲ್ಯ ಇನ್ನಷ್ಟು ಎದ್ದು ಕಂಡಿತು. ನನ್ನ ಮಟ್ಟಿಗೆ ಹೇಳುವುದಾದರೆ, ಪಿತೃಭಕ್ತಿಯ ಹೆಸರಿನಲ್ಲಿ ಅವರ ಈ ನಡತೆಯನ್ನು ಸಮರ್ಥಿಸಲು ಮನಸ್ಸೊಪ್ಪುವುದಿಲ್ಲ. ಅವರು ಎಡವಿದ್ದು ನಿಜ. ಹನ್ನೊಂದರ ಬಾಲೆಯನ್ನು ಮದುವೆಯಾಗುವುದನ್ನು ಇಂದಿನ ಕಾನೂನು ಅಪರಾಧವೆಂದೇ ಎಣಿಸುತ್ತದೆ, ಎಣಿಸಬೇಕಾದ್ದೇ. ಆದರೆ ಇಲ್ಲಿ ನೋಡಬೇಕಾದ ಸಂಗತಿ ಮುಂದಿದೆ. ಮನಸ್ಸಿಲ್ಲದ ಮದುವೆಯಾದವರಿಗೆ ದಾರಿಗಳು ಹಲವಿದ್ದವು. ಹುಡುಗಿಯನ್ನು ಅಡಿಗೆಮನೆಯ ಪಾಲಿಗೆ ಬಿಟ್ಟು ತಮ್ಮ ಗ್ರಂಥಗಳಲ್ಲಿ ಮುಳುಗಿಬಿಡಬಹುದಿತ್ತು. ಆ ಕಾಲದ ಎಷ್ಟೋ ವಿದ್ವಾಂಸರು ಮಾಡಿದ್ದು ಅದನ್ನೇ. ಲೋಕದಲ್ಲಿ ಕೀರ್ತಿವಂತರು, ಮನೆಯಲ್ಲಿ ಪರಕೀಯರು. ರಾನಡೆಯವರು ಆ ದಾರಿಯನ್ನು ಹಿಡಿಯಲಿಲ್ಲ. ಕೈಹಿಡಿದದ್ದು ಬಲವಂತದಿಂದಲೇ ಆಗಿರಬಹುದು. ಹಿಡಿದ ಕೈಯನ್ನು ಬಿಡದಿರುವುದು ತನ್ನ ವಶದಲ್ಲಿದೆ ಎಂದು ಅವರು ನಿಶ್ಚಯಿಸಿದಂತೆ ತೋರುತ್ತದೆ.

ಮದುವೆಯ ಮೊದಲ ದಿನಗಳಲ್ಲಿಯೇ ಪಾಟಿ ಬಳಪಗಳು ಬಂದವು. ರಾತ್ರಿ ಊಟವಾದ ಮೇಲೆ ಮಾಳಿಗೆಯ ಕೋಣೆಯಲ್ಲಿ ದೀಪದ ಬೆಳಕಿನಲ್ಲಿ ಅಕ್ಷರಾಭ್ಯಾಸ. ಹಗಲೆಲ್ಲ ಕೋರ್ಟಿನಲ್ಲಿ ದಾವೆಗಳನ್ನು ಕೇಳಿ ದಣಿದು ಬಂದ ನ್ಯಾಯಾಧೀಶರು ಬಾಲೆಗೆ ಓಂಕಾರ ತಿದ್ದಿಸುತ್ತಿದ್ದರು. ಬಾಲಬೋಧವಾಯಿತು, ಮೋಡಿಯಾಯಿತು, ಮುಂದೆ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನ ಶಿಕ್ಷಕಿಯೊಬ್ಬರು ಮನೆಗೆ ಬಂದು ಕಲಿಸತೊಡಗಿದರು, ಆ ಬಳಿಕ ಇಂಗ್ಲಿಷು. ಒಂದು ದಿನ ಎರಡು ದಿನದ ಉತ್ಸಾಹವಾಗಿದ್ದರೆ ಅದನ್ನು ಇಲ್ಲಿ ಬರೆಯಬೇಕಾದ ಕಾರಣವಿರಲಿಲ್ಲ. ವರ್ಷಗಟ್ಟಲೆ, ವರ್ಗವಾದ ಊರೂರುಗಳಲ್ಲಿ, ಈ ಪಾಠ ನಡೆಯಿತು.

ಇದರ ಕಷ್ಟವನ್ನು ಅನುಭವಿಸಿದವರು ರಾನಡೆಯವರಿಗಿಂತ ಹೆಚ್ಚಾಗಿ ರಮಾಬಾಯಿಯವರು. ದೊಡ್ಡ ಮನೆ. ಅತ್ತೆ, ಅತ್ತೆಯ ಸಮಾನರಾದ ಹಿರಿಯ ಹೆಂಗಸರು, ವಿಧವೆಯಾಗಿ ಸೋದರನ ಆಶ್ರಯದಲ್ಲಿದ್ದ ನಾದಿನಿ ದುರ್ಗಕ್ಕ. ಸೊಸೆಯು ಪುಸ್ತಕ ಹಿಡಿದು ಕೂಡುವುದು ಅವರಿಗೆ ಸಹಿಸದು. ಹಗಲು ಕೆಲಸದ ನಡುವೆ ಚುಚ್ಚುಮಾತು. ಗುಂಪಾಗಿ ಕುಳಿತಾಗ ಈಕೆಯೊಡನೆ ಮೌನ. ಹಿರಿಯ ಹೆಂಗಸರನ್ನು ಕೇವಲ ದುಷ್ಟರೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲೂ ಆ ನಾದಿನಿಯ ಸ್ಥಿತಿಯನ್ನು ಯೋಚಿಸಬೇಕು. ವಿಧವೆಯರ ಬಾಳನ್ನು ಹಸನುಮಾಡಲು ಸೋದರನು ಸಭೆಗಳಲ್ಲಿ ವಾದಿಸುತ್ತಿದ್ದಾನೆ. ಆದರೆ ಅದೇ ಮನೆಯಲ್ಲಿರುವ ಸೋದರಿಯ ಪಾಲಿಗೆ ಆ ವಾದದಿಂದ ಬಂದದ್ದೇನೂ ಇಲ್ಲ. ಆಕೆಯ ಕಣ್ಣೆದುರಿಗೇ ಸೋದರನ ಎಳೆಯ ಹೆಂಡತಿಗೆ ಪುಸ್ತಕ, ಪಾಠ, ಮನ್ನಣೆ. ನೋವು ಕಹಿಯಾಗಿ ಹೊರಬಿದ್ದರೆ ಆಶ್ಚರ್ಯವೇನು?

ರಮಾಬಾಯಿಯವರು ಮಾಡಿದ್ದೇನೆಂದರೆ, ಹಗಲಿನ ಯಾವ ಮಾತನ್ನೂ ರಾತ್ರಿ ಪತಿಯ ಕಿವಿಗೆ ಹಾಕಲಿಲ್ಲ. ಹಿರಿಯರಿಗೆ ಎದುರುತ್ತರವನ್ನೂ ಕೊಡಲಿಲ್ಲ. ಪಾಠವನ್ನೂ ಬಿಡಲಿಲ್ಲ. ರಾನಡೆಯವರಿಗೆ ಇದು ತಿಳಿಯದೆ ಇರಲಿಲ್ಲ. ಆದರೆ ಅವರೂ ಹೆಂಡತಿಯ ಪಕ್ಷ ವಹಿಸಿ ಹಿರಿಯರೊಡನೆ ಜಗಳಕ್ಕೆ ನಿಲ್ಲಲಿಲ್ಲ. ತಾಳ್ಮೆಯಿಂದಿರೆಂದು ಆಕೆಗೆ ಧೈರ್ಯ ಹೇಳುತ್ತಿದ್ದರು. ಇದರಲ್ಲಿ ಅವರ ನಡೆ ಪೂರ್ತಿ ಸರಿಯೆ ಎಂದು ನನಗೆ ಅನುಮಾನ. ಗಂಡನಾದವನು ಒಂದೆರಡು ಸಲವಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಆದರೂ ಹೆಂಡತಿ ದೂರು ಹೇಳುವುದಿಲ್ಲ, ಗಂಡ ಪಾಠ ನಿಲ್ಲಿಸುವುದಿಲ್ಲ ಎಂಬ ಎರಡು ನಿಶ್ಚಯಗಳು ಒಂದಕ್ಕೊಂದು ಆಧಾರವಾಗಿ ನಿಂತದ್ದರಿಂದಲೇ ಅವರ ನಡುವೆ ವಿಶ್ವಾಸ ಬೇರುಬಿಟ್ಟಿತೆಂಬುದರಲ್ಲಿ ಸಂದೇಹವಿಲ್ಲ.

ಅವರ ನಡುವೆ ವಿರಸವೇ ಬಾರಲಿಲ್ಲವೆಂದು ಹೇಳಿದರೆ ಯಾರೂ ನಂಬಲಾರರು. ರಾತ್ರಿ ಓದುವ ಹೊತ್ತಿನಲ್ಲಿ ಪತಿಯ ಅಂಗಾಲಿಗೆ ತುಪ್ಪ ತಿಕ್ಕುವುದು ರಮಾಬಾಯಿಯವರ ನಿತ್ಯದ ರೂಢಿಯಾಗಿತ್ತು. ಒಮ್ಮೆ ಅವರು ಪತಿಯ ಇಚ್ಛೆಗೆ ವಿರುದ್ಧವಾಗಿ ನಡೆದರು. ಆ ರಾತ್ರಿ ರಾನಡೆಯವರು ಬೈಯಲಿಲ್ಲ, ಕೇಳಲಿಲ್ಲ. ಮಾತನ್ನೇ ಆಡದೆ ಮಲಗಿಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತೆಂದು ಆಕೆಗೆ ಅನಿಸಿತು. ಕ್ಷಮೆ ಕೇಳುವವರೆಗೂ ಅವರ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಇದನ್ನು ರಮಾಬಾಯಿಯವರು ಪತಿಯ ಶಾಂತಸ್ವಭಾವಕ್ಕೆ ನಿದರ್ಶನವೆಂಬಂತೆ ಬರೆದಿದ್ದಾರೆ. ಓದುವ ನಮಗೆ ಮೌನವೂ ಒಂದು ಬಗೆಯ ದಂಡನೆಯೇ ಎಂದು ತೋರದಿರದು. ಆದರೆ ಮರುದಿನಕ್ಕೆ ಅದನ್ನು ಬೆಳೆಸಲಿಲ್ಲ. ಹಳೆಯ ಬಾಕಿಯನ್ನು ಹೊಸ ವರ್ಷದ ಖಾತೆಗೆ ಎಳೆದುಕೊಂಡು ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

1878ರಲ್ಲಿ ನಾಸಿಕಕ್ಕೆ ವರ್ಗವಾಯಿತು. ದಂಪತಿಗಳು ಹಿರಿಯರ ಕಣ್ಗಾವಲಿನಿಂದ ದೂರವಿದ್ದು ತಮ್ಮದೇ ಸಂಸಾರವನ್ನು ನಡೆಸಿದ ದಿನಗಳವು. ಮುಂದಿನ ವರ್ಷವೇ ಕಠಿಣ ಕಾಲ ಬಂತು. ವಾಸುದೇವ ಬಲವಂತ ಫಡಕೆಯವರ ದಂಗೆಯ ಸಮಯ. ಪುಣೆಯಲ್ಲಿ ಬುಧವಾರ ವಾಡೆ ಮತ್ತು ವಿಶ್ರಾಮಬಾಗ ವಾಡೆಗಳಿಗೆ ಬೆಂಕಿ ಬಿದ್ದಿತ್ತು. ಸರಕಾರಕ್ಕೆ ರಾನಡೆಯವರ ಮೇಲೂ ಶಂಕೆ. 1879ರ ಮೇ ತಿಂಗಳ ಉರಿಬಿಸಿಲಿನಲ್ಲಿ ಅವರನ್ನು ಧುಳೆಗೆ ಕಳಿಸಲಾಯಿತು. ಅಲ್ಲಿ ಅವರ ಟಪಾಲು ಒಡೆದೇ ಕೈಸೇರುತ್ತಿತ್ತು. ಯಾವ ಕಾಗದದಲ್ಲಿ ಏನು ಬಲೆಯಿದೆಯೋ ತಿಳಿಯದು. ಹದಿನೇಳು ವರ್ಷದ ರಮಾಬಾಯಿಯವರು ಆ ದಿನಗಳ ಭಯವನ್ನು ಪತಿಯೊಡನೆ ಸಮಪಾಲಾಗಿ ಹಂಚಿಕೊಂಡರು. ಶಂಕೆ ನಿಲ್ಲಲಿಲ್ಲ, ಕರಗಿತು. ಆದರೆ ಆ ತಿಂಗಳುಗಳಲ್ಲಿ ಪತ್ನಿಯು ಶಿಷ್ಯೆಯ ಪೀಠದಿಂದೆದ್ದು ಸಖಿಯ ಸ್ಥಾನಕ್ಕೆ ಬಂದಳೆಂದು ಗ್ರಂಥವನ್ನು ಓದುವಾಗ ಅನ್ನಿಸುತ್ತದೆ.

ದಖನ್ ರೈತರ ಋಣಪರಿಹಾರದ ಕಾಯಿದೆ 1879ರಲ್ಲಿ ಜಾರಿಗೆ ಬಂತು. 1875ರಲ್ಲಿ ಪುಣೆ, ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ದಂಗೆಯೇ ಅದಕ್ಕೆ ಕಾರಣ. ಪುಣೆ, ನಗರ, ಸಾತಾರಾ, ಸೊಲ್ಲಾಪುರ ಈ ನಾಲ್ಕು ಜಿಲ್ಲೆಗಳಿಗೆ ಅದು ಅನ್ವಯಿಸಿತು. ಪತ್ರದಲ್ಲಿ ಬರೆದ ಮೊತ್ತವನ್ನೇ ನಿಜವೆಂದು ಹಿಡಿಯದೆ, ವ್ಯವಹಾರದ ಮೂಲದಿಂದ ಅಸಲೆಷ್ಟು, ಬಡ್ಡಿಯೆಷ್ಟು, ಸಂದದ್ದೆಷ್ಟು ಎಂದು ನ್ಯಾಯಾಲಯವು ಬಿಡಿಸಿ ನೋಡಬೇಕೆಂಬುದು ಅದರ ತಿರುಳು. ದಫ್ತರದ ಕೆಲಸದಲ್ಲಿಯೇ ಆಯುಷ್ಯ ಸವೆಸಿದ ನನ್ನಂಥ ತಲಾಠಿಗೆ ಈ ಕಾಯಿದೆಯ ಮೇಲೆ ವಿಶೇಷ ಗೌರವ. ಇದರ ಮೇಲ್ವಿಚಾರಣೆಯ ಕೆಲಸ 1881ರಿಂದ ರಾನಡೆಯವರ ಪಾಲಿಗೆ ಬಂದು, ಮುಂದೆ ಅವರೇ ಸ್ಪೆಶಲ್ ಜಡ್ಜರಾದರು. ವರ್ಷದ ಹಲವು ತಿಂಗಳು ಈ ಜಿಲ್ಲೆಗಳಲ್ಲಿ ಸಂಚಾರ, ಡೇರೆಯಲ್ಲಿ ವಾಸ. ರಮಾಬಾಯಿಯವರೂ ಜೊತೆಗೆ ಹೊರಡುತ್ತಿದ್ದರು. ರಾನಡೆಯವರ ಕಣ್ಣುಗಳು ವಿದ್ಯಾರ್ಥಿದೆಸೆಯಿಂದಲೇ ದುರ್ಬಲ. ಟಪಾಲು, ವರ್ತಮಾನಪತ್ರಗಳು, ಗ್ರಂಥಗಳು ಇವನ್ನೆಲ್ಲ ಓದಿಹೇಳುವ ಕೆಲಸ ಕ್ರಮೇಣ ಪತ್ನಿಯದಾಯಿತು. ಪಾಟಿಯ ಮೇಲೆ ಕಲಿಸಿದ ಅಕ್ಷರಗಳು ಕಲಿಸಿದವರ ಕಣ್ಣುಗಳಾಗಿ ಹಿಂತಿರುಗಿ ಬಂದವು.

ಈ ನಡುವೆ 1882ರಲ್ಲಿ ಪಂಡಿತಾ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ನಮ್ಮ ರಮಾಬಾಯಿಯವರು ಅದರ ಸಭೆಗಳಿಗೆ ಹೋಗತೊಡಗಿದಾಗ ಮನೆಯಲ್ಲಿ ಮತ್ತೆ ಕೋಲಾಹಲ. ಇದಕ್ಕೂ ಮಿಗಿಲಾದದ್ದು ಪುಣೆಗೆ ಹೆಣ್ಣುಮಕ್ಕಳ ಹೈಸ್ಕೂಲು ಬೇಕೆಂದು ಕೇಳಿಕೊಳ್ಳಲು ಕೂಡಿಸಿದ ಸಭೆ. ಅಲ್ಲಿ ಗವರ್ನರರ ಎದುರಿಗೆ, ನೂರಾರು ಗಂಡಸರ ನಡುವೆ, ರಮಾಬಾಯಿಯವರು ಎದ್ದುನಿಂತು ಇಂಗ್ಲಿಷಿನಲ್ಲಿ ಬಿನ್ನವತ್ತಳೆಯನ್ನು ಓದಿದರು. ಮನೆಗೆ ಬಂದಾಗ ಮಾತಿನ ಮಳೆ. ಆ ಹೈಸ್ಕೂಲು 1884ರಲ್ಲಿ ತೆರೆಯಿತು. ಹುಜೂರಪಾಗೆ ಎಂಬ ಹೆಸರಿನಿಂದ ಪುಣೆಯಲ್ಲಿ ಪ್ರಸಿದ್ಧವಾಯಿತು. ಮೊದಮೊದಲು ಪತಿಯ ಸಂತೋಷಕ್ಕಾಗಿ ಕಲಿತವರು ಈಗ ಲೋಕಕ್ಕಾಗಿ ಮಾತನಾಡಬಲ್ಲವರಾದರು. ಇಲ್ಲಿಂದ ಮುಂದೆ ಈ ವಿವಾಹವು ಆಕೆಯ ಮೇಲೆ ಹೊರಿಸಿದ್ದಾಗಿರದೆ ಆಕೆಯೇ ಆರಿಸಿಕೊಂಡದ್ದಾಯಿತೆಂದು ಹೇಳಬಹುದು.

1886ರಲ್ಲಿ ಸರಕಾರದ ಹಣಕಾಸಿನ ಸಮಿತಿಯ ಸದಸ್ಯರಾಗಿ ರಾನಡೆಯವರು ಕಲಕತ್ತೆಗೆ ಹೋದಾಗ ನಡೆದ ಒಂದು ಪ್ರಸಂಗ ಬಲು ಸೊಗಸಾದುದು. ಬಾಗಿಲಿಗೆ ಬಂಗಾಲಿ ಪತ್ರಿಕೆ ಮಾರುವವನು ಬಂದ. ಇಬ್ಬರಿಗೂ ಆ ಭಾಷೆ ಬಾರದು. ತಮ್ಮದೇ ದೇಶದ ಒಂದು ಭಾಷೆ ತಮಗೆ ಓದಲು ಬಾರದಲ್ಲಾ ಎಂದು ರಾನಡೆಯವರಿಗೆ ನಾಚಿಕೆಯಾಗಿ ಪುಸ್ತಕಗಳನ್ನು ತರಿಸಿ ತಾವೇ ಕಲಿಯತೊಡಗಿದರು. ಮುಖಕ್ಷೌರಕ್ಕೆ ಬರುವ ನಾಪಿತನು ಕತ್ತಿಯಾಡಿಸುತ್ತಿರುವಾಗಲೂ ಪುಸ್ತಕ ಹಿಡಿದು ಅವನಿಂದ ಉಚ್ಚಾರಗಳನ್ನು ಕೇಳಿ ತಿದ್ದಿಕೊಳ್ಳುವುದು! ಒಳಗಿನಿಂದ ಇದನ್ನು ಕೇಳಿದ ರಮಾಬಾಯಿಯವರಿಗೆ ನಗು ತಡೆಯಲಿಲ್ಲ. ಇಪ್ಪತ್ನಾಲ್ಕು ಗುರುಗಳನ್ನು ಮಾಡಿಕೊಂಡ ದತ್ತಾತ್ರೇಯರ ನೆನಪು ತಂದು ಹಾಸ್ಯಮಾಡಿದರು. ಕಲಿತದ್ದನ್ನು ರಾನಡೆಯವರು ಪತ್ನಿಗೂ ಕಲಿಸಿದರು. ಕಲಕತ್ತೆ ಬಿಡುವ ಹೊತ್ತಿಗೆ ಇಬ್ಬರೂ ಬಂಗಾಲಿ ಓದುವವರಾಗಿದ್ದರು. ಮದುವೆಯಾಗಿ ಹದಿಮೂರು ವರ್ಷ ಕಳೆದ ಮೇಲೂ ಗಂಡಹೆಂಡಿರು ಜೊತೆಯಾಗಿ ಹೊಸತೊಂದನ್ನು ಕಲಿತು ನಗುವುದೆಂದರೆ ಅದೇನು ಸಣ್ಣ ಭಾಗ್ಯವೆ? ಈ ದಂಪತಿಗಳಿಗೆ ಮಕ್ಕಳಾಗಲಿಲ್ಲ. ಆ ಕಾಲದಲ್ಲಿ ಅಷ್ಟು ಸಾಕಿತ್ತು, ಇನ್ನೊಂದು ಮದುವೆಗೆ. ಆ ಮಾತು ಅವರ ಬಾಳಿನಲ್ಲಿ ಬರಲೇ ಇಲ್ಲ.

ಜಿಹ್ವಾಸಂಯಮದ ಕಥೆಯೊಂದಿದೆ. ಮಿತ್ರರೊಬ್ಬರು ಆಪೂಸಿನ ಮಾವು ಕಳಿಸಿದ್ದರು. ರಮಾಬಾಯಿಯವರು ಹೆಚ್ಚಿ ತಂದಿಟ್ಟರೆ ರಾನಡೆಯವರು ಒಂದೆರಡು ಹೋಳು ತಿಂದು ಚೆನ್ನಾಗಿದೆಯೆಂದು ಹೊಗಳಿ ಕೈತೊಳೆದರು. ಇಷ್ಟೇ ಏಕೆಂದು ಆಕೆ ಕೇಳಿದಾಗ, ನಾಲಿಗೆಯ ರೂಢಿಯನ್ನು ಹೇಗೆ ಹಿಡಿತದಲ್ಲಿಡಬೇಕೆಂಬುದನ್ನು ವಿವರಿಸಿದರು. ಆಕೆಗೆ ಅದು ಪೂರ್ತಿ ರುಚಿಸಿದಂತೆ ಕಾಣದು. ಪ್ರೀತಿಯಿಂದ ಹೆಚ್ಚಿ ತಂದವರಿಗೆ ಇಡೀ ಹಣ್ಣು ತಿಂದರೇ ಸಮಾಧಾನ.

ಬೆಳಗಿನ ಜಾವದಲ್ಲಿ ರಾನಡೆಯವರು ಹಾಸಿಗೆಯ ಮೇಲೆ ಕುಳಿತು ತುಕಾರಾಮರ ಅಭಂಗಗಳನ್ನು ಹೇಳಿಕೊಳ್ಳುತ್ತಿದ್ದರು. ಚಿಟಿಕೆಯೇ ತಾಳ. ಪಂಢರಪುರದ ವಾರಿಗೆ ನಡೆದುಹೋಗುವ ನಮ್ಮ ಕಡೆಯ ಭಕ್ತರಿಗೆ ಆ ತನ್ಮಯತೆ ಎಂಥದೆಂದು ಹೇಳಬೇಕಾಗಿಲ್ಲ. ಪ್ರಾರ್ಥನಾ ಸಮಾಜದವರಾದರೂ ಸಂತರನ್ನು ಅವರು ಬಿಡಲಿಲ್ಲ. 1900ರಲ್ಲಿ ಪ್ರಕಟವಾದ ಮರಾಠರ ಇತಿಹಾಸಗ್ರಂಥದಲ್ಲಿ ಸಂತರಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಆ ನಸುಕಿನ ಹೊತ್ತಿನಲ್ಲಿ ಪಕ್ಕದಲ್ಲಿದ್ದು ಕೇಳುತ್ತಿದ್ದ ರಮಾಬಾಯಿಯವರು ಮುಂದೆ ಅದನ್ನು ಬರೆಯುವಾಗ ಬೇರೆಲ್ಲ ಸಂಗತಿಗಳಿಗಿಂತ ಹೆಚ್ಚು ಪ್ರೀತಿಯಿಂದ ಬರೆದಿದ್ದಾರೆ.

1890ರ ಅಕ್ಟೋಬರದಲ್ಲಿ ಪುಣೆಯ ಪಂಚಹೌದ ಮಿಶನ್ನಿನ ಚಹದ ಪ್ರಕರಣ, 1892ರ ಪ್ರಾಯಶ್ಚಿತ್ತ ಇವು ಪ್ರಸಿದ್ಧವೇ. ತಮ್ಮವರು ಬಹಿಷ್ಕಾರದ ತೊಂದರೆಗೆ ಸಿಕ್ಕಬಾರದೆಂದು ರಾನಡೆಯವರು ಪ್ರಾಯಶ್ಚಿತ್ತ ಮಾಡಿಕೊಂಡರು; ಮತ್ತೆ ಎರಡೂ ಪಕ್ಷದವರ ನಿಂದೆ. ಬಾಲಿಕೆಯರ ಸಮ್ಮತಿವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾಯಿದೆಗೆ ಅವರು ಬೆಂಬಲವಿತ್ತಾಗಲೂ ಹಾಗೆಯೇ. ತಮ್ಮ ಮನೆಯಲ್ಲಿಯೇ ಆದದ್ದನ್ನು ಅವರು ಮರೆತಿರಲಾರರು. 1893ರಲ್ಲಿ ಕಾಶಿನಾಥ ತ್ರ್ಯಂಬಕ ತೇಲಂಗರ ಮರಣಾನಂತರ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿಗಳಾದರು.

1900ರ ಕೊನೆಯಲ್ಲಿ ಎದೆನೋವು ಬಲವಾಯಿತು. ಸಾಮಾಜಿಕ ಪರಿಷತ್ತಿಗೆ ತಪ್ಪದೆ ಹೋಗುತ್ತಿದ್ದವರು ಆ ವರ್ಷ ಲಾಹೋರಿಗೆ ಹೋಗಲಾರದೆ ಗೋಖಲೆಯವರ ಕೈಯಲ್ಲಿ ಭಾಷಣವನ್ನು ಕಳಿಸಿದರು. ರಮಾಬಾಯಿಯವರು ರಾತ್ರಿಗಳನ್ನು ಎಚ್ಚರದಲ್ಲಿಯೇ ಕಳೆದರು. ಓದಿಹೇಳುವುದು, ಅಂಗಾಲಿಗೆ ತುಪ್ಪ ತಿಕ್ಕುವುದು ಯಾವುದೂ ತಪ್ಪಲಿಲ್ಲ. 1901ರ ಜನವರಿ 16ರಂದು ಮುಂಬಯಿಯಲ್ಲಿ ರಾನಡೆಯವರು ದೇಹವಿಟ್ಟರು. ಇನ್ನೆರಡು ದಿನ ಕಳೆದಿದ್ದರೆ ಐವತ್ತೊಂಬತ್ತು ತುಂಬುತ್ತಿತ್ತು. ಮದುವೆಯಾಗಿ ಇಪ್ಪತ್ತೇಳು ವರ್ಷಗಳಾಗಿದ್ದವು.

ರಮಾಬಾಯಿಯವರಿಗೆ ಆಗ ಮೂವತ್ತೊಂಬತ್ತು ತುಂಬಲು ಕೆಲವೇ ದಿನಗಳಿದ್ದವು. ಪುಣೆಗೆ ಮರಳಿ ಬಹುಕಾಲ ಮನೆಯಿಂದ ಹೊರಬರಲಿಲ್ಲ. ಮೆಲ್ಲಗೆ ಎದ್ದರು. ಯರವಡಾ ಬಂದೀಖಾನೆಯಲ್ಲಿದ್ದ ಹೆಣ್ಣು ಕೈದಿಗಳ ಬಳಿಗೆ ಹೋಗತೊಡಗಿದರು. ಬೆಹರಾಮಜಿ ಮಲಬಾರಿ ಮತ್ತು ದಯಾರಾಮ ಗಿಡುಮಲ್ಲರು 1908ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸೇವಾಸದನಕ್ಕೆ ಅಧ್ಯಕ್ಷರಾದರು. ಮರುವರ್ಷ ಪುಣೆಯಲ್ಲಿ ತಮ್ಮ ಮನೆಯಲ್ಲಿಯೇ ಸೇವಾಸದನವನ್ನು ತೆರೆದರು. ಹಿಂದೆ ಯಾವ ಮನೆಯಲ್ಲಿ ಪುಸ್ತಕ ಹಿಡಿದದ್ದಕ್ಕೆ ಮಾತು ಕೇಳಿದ್ದರೋ ಆ ಮನೆತನದ ಆಶ್ರಯದಲ್ಲಿಯೇ ವಿಧವೆಯರೂ ಬಡ ಹೆಣ್ಣುಮಕ್ಕಳೂ ಓದು, ಹೊಲಿಗೆ, ದಾದಿಯ ಕೆಲಸಗಳನ್ನು ಕಲಿತರು. ದುರ್ಗಕ್ಕನಂಥವರಿಗೆ ಹಿಂದೆ ದೊರೆಯದೆ ಹೋದದ್ದು ಇವರಿಗೆ ದೊರೆಯಿತು. ಸೊಲ್ಲಾಪುರದಲ್ಲಿ ಹೆಣ್ಣುಮಕ್ಕಳ ಶಾಲೆಯಿಂದಾಗಿ ನಮ್ಮವರಿಗೂ ಪರಿಚಿತವಾದ ಸೇವಾಸದನವೆಂಬ ಹೆಸರು ಇದೇ ಪರಂಪರೆಯದು.

1910ರ ಸ್ಮೃತಿಗ್ರಂಥಕ್ಕೆ ಗೋಖಲೆಯವರು ಮುನ್ನುಡಿ ಬರೆದರು. ಅದರಲ್ಲಿ ರಮಾಬಾಯಿಯವರ ಸ್ವಂತ ಕಾರ್ಯಗಳ ವರ್ಣನೆಯನ್ನು ಹುಡುಕಿದರೆ ನಿರಾಶೆಯಾಗುತ್ತದೆ. ಪತಿಯ ಮರಣದ ರಾತ್ರಿಗೆ ಕಥೆ ನಿಂತುಹೋಗಿದೆ. ಆಮೇಲೂ ಅವರು ಇಪ್ಪತ್ತಮೂರು ವರ್ಷ ಬದುಕಿದರು, ಹೆಣ್ಣುಮಕ್ಕಳಿಗೆ ಕಡ್ಡಾಯ ಶಿಕ್ಷಣ ಬೇಕೆಂದೂ ಮತದಾನದ ಹಕ್ಕು ಬೇಕೆಂದೂ ಹೋರಾಡಿದರು, 1924ರಲ್ಲಿ ತೀರಿಕೊಂಡರು. 1962ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಭಾರತ ಸರಕಾರ ಅವರ ಚಿತ್ರವಿದ್ದ ಅಂಚೆಚೀಟಿಯನ್ನು ಹೊರಡಿಸಿತು; ಒಂದು ಕಾಲಕ್ಕೆ ಧುಳೆಯಲ್ಲಿ ಆ ಮನೆಯ ಕಾಗದಗಳನ್ನು ಒಡೆದು ನೋಡುತ್ತಿದ್ದ ಅದೇ ಟಪಾಲಿನ ಇಲಾಖೆಯಿಂದ.